ಇಪ್ಪತ್ತೈದು ಮಿಲಿಮೀಟರಿನ ಕೋಸು

ಮೂವತ್ತೊಂದು ವರ್ಷ ಬೇರೆಯವರು ಮಾಡಿದ್ದನ್ನು ಸರಿಯಿಲ್ಲ ಎಂದು ಹೇಳಿಯೇ ಸಂಬಳ ತೆಗೆದುಕೊಂಡ ಮನುಷ್ಯ ರೇಣುಕಾಪ್ರಸಾದ್. ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ. ಲೇತ್‌ನಿಂದ ಇಳಿದು ಬಂದ ಬುಷ್ಷು, ಪಿನ್ನುಗಳನ್ನು ವರ್ನಿಯರ್ ಕ್ಯಾಲಿಪರ್‌ನ ದವಡೆಗೆ ಕೊಟ್ಟು, ಕನ್ನಡಕ ಹಣೆಗೇರಿಸಿ ಗೆರೆ ನೋಡುತ್ತಿದ್ದ. ಅಳತೆಗೆ ಕೂತರೆ ಹಸಿರು ಡಬ್ಬ, ಕೂರದಿದ್ದರೆ ಕೆಂಪು ಡಬ್ಬ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು, "ರಿಜೆಕ್ಟ್." ಅದನ್ನು ಸಿಟ್ಟಿನಿಂದಾಗಲಿ ಖುಷಿಯಿಂದಾಗಲಿ ಹೇಳುತ್ತಿರಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಹಾಗೆ ಹೇಳುತ್ತಿದ್ದ.

ಆ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡ ದಾಖಲೆ ಟರ್ನರ್ ಜಾಕಿರನದು. ಒಮ್ಮೆ ರಂಜಾನ್ ಹಬ್ಬದ ಹಿಂದಿನ ದಿನ ನಲವತ್ತು ಪಿನ್ನು ಮುಗಿಸಿ, ಕೈ ತೊಳೆದು, ಗೇಟಿನವರೆಗೆ ಹೋಗಿದ್ದ ಜಾಕಿರನನ್ನು ವಾಪಸ್ ಕರೆಸಿ ರೇಣುಕಾಪ್ರಸಾದ್ ನಲವತ್ತನ್ನೂ ಕೆಂಪು ಡಬ್ಬಕ್ಕೆ ಸುರಿದಿದ್ದ. ಆಮೇಲೆ ಜಾಕಿರ್ ಕೆಲಸ ಬಿಟ್ಟು ಅದೇ ಮಾಚೇನಹಳ್ಳಿಯಲ್ಲಿ ಸ್ವಂತ ವರ್ಕ್‌ಶಾಪ್ ಇಟ್ಟ. "ನಿಮ್ಮ ಕಾಟ ತಡೀಲಾರದೇ ನಾನು ಓನರ್ ಆಗಿದ್ದು ಸಾರ್" ಎಂದು ಈಗಲೂ ಹೇಳುತ್ತಾನೆ. ಅದು ಥ್ಯಾಂಕ್ಸೋ ಬೈಗುಳವೋ ರೇಣುಕಾಪ್ರಸಾದನಿಗೆ ಇನ್ನೂ ಗೊತ್ತಾಗಿಲ್ಲ. ಆದರೆ ಇಬ್ಬರೂ ವಾರಕ್ಕೊಮ್ಮೆ ಚಹಾ ಕುಡಿಯುವುದು ತಪ್ಪಿಲ್ಲ.

ಕಾರ್ಖಾನೆಯ ಕಣ್ಣನ್ನು ಕಾರ್ಖಾನೆಯಲ್ಲೇ ಬಿಟ್ಟು ಬರುವ ಬುದ್ಧಿ ಅವನಿಗಿರಲಿಲ್ಲ. ಮದುವೆಯಾದ ಎರಡನೇ ತಿಂಗಳು ವಿದ್ಯಾನಗರದ ಮನೆಯಲ್ಲಿ ಹೆಂಡತಿ ಬಸವರಾಜೇಶ್ವರಿ ಬಿಸಿ ಅಕ್ಕಿರೊಟ್ಟಿ ತಟ್ಟೆಗೆ ಹಾಕಿದಾಗ, ಈ ಮಹಾಶಯ ಜೇಬಿನಿಂದ ವರ್ನಿಯರ್ ತೆಗೆದು ರೊಟ್ಟಿಯ ದಪ್ಪ ಅಳೆದ. "ಮಧ್ಯದಲ್ಲಿ ಎರಡೂವರೆ, ಅಂಚಲ್ಲಿ ನಾಲ್ಕು. ಯೂನಿಫಾರ್ಮ್ ಇಲ್ಲ" ಅಂದ. ಬಸವರಾಜೇಶ್ವರಿ ರೊಟ್ಟಿ ಎತ್ತಿಕೊಂಡು ಹೋಗಿ ಬೀದಿ ನಾಯಿಗೆ ಹಾಕಿ ಬಂದಳು. ನಾಯಿ ಅಳೆಯದೆ ತಿಂದಿತು. ಅಂದಿನಿಂದ ಅವನು ಊಟಕ್ಕೆ ವರ್ನಿಯರ್ ತರಲಿಲ್ಲ, ಆದರೆ ಕಣ್ಣಲ್ಲೇ ಅಳೆಯುವುದನ್ನು ಬಿಡಲಿಲ್ಲ. ಮಾತಾಡದೆ ತಿಂದರೆ ಅಡುಗೆ ಪಾಸು. ಚೆನ್ನಾಗಿದೆ ಎಂಬ ಮಾತು ಮೂವತ್ತು ವರ್ಷದಲ್ಲಿ ಆ ಬಾಯಿಂದ ಬಿದ್ದಿಲ್ಲ. ಯಾರಾದರೂ ಕೇಳಿದರೆ, "ಸರಿ ಇರೋದಕ್ಕೆ ಯಾಕೆ ಸರ್ಟಿಫಿಕೇಟು?" ಎನ್ನುತ್ತಿದ್ದ.

ರಿಟೈರ್ ಆದ ದಿನ ಕಾರ್ಖಾನೆಯವರು ಶಾಲು ಹೊದಿಸಿ, ಅವನ ವರ್ನಿಯರನ್ನೇ ಕೆಂಪು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಅವನಿಗೆ ಇದ್ದಕ್ಕಿದ್ದಂತೆ ಒಂದು ಲೆಕ್ಕ ಹೊಳೆಯಿತು. ಲಕ್ಷಗಟ್ಟಲೆ ಪಿನ್ನು ಅಳೆದಿದ್ದಾನೆ, ಒಂದನ್ನೂ ಕಡೆದಿಲ್ಲ. ಇದು ನಾನು ಮಾಡಿದ್ದು ಎಂದು ಬೆರಳು ತೋರಿಸಲು ಇಡೀ ಶಿವಮೊಗ್ಗದಲ್ಲಿ ಒಂದು ಮೊಳೆಯೂ ಇಲ್ಲ. ಸಾಯುವುದರೊಳಗೆ ತನ್ನ ಕೈಯಿಂದ ಒಂದಾದರೂ ವಸ್ತು ಆಗಬೇಕು, ಅದು ಅಳತೆಗೆ ಕೂರಬೇಕು ಎಂದು ಅವನು ಅಲ್ಲೇ ತೀರ್ಮಾನಿಸಿದ.

ತೀರ್ಮಾನದ ಫಲ ಮನೆಯವರು ಅನುಭವಿಸಿದರು. ಮೊದಲು ಬಚ್ಚಲುಮನೆಯಲ್ಲಿ ಅಣಬೆ. ಮೂರು ವಾರ ಸ್ನಾನ ಮಾಡುವವರೆಲ್ಲ ಅಣಬೆಗೆ ಬೇಜಾರಾಗದಂತೆ ಕತ್ತಲಲ್ಲಿ ಮಾಡಬೇಕಾಯಿತು, ಕೊನೆಗೆ ಬೆಳೆದದ್ದು ಬರೀ ಕಪ್ಪು ಬೂಷ್ಟು. ಆಮೇಲೆ ಟೆರೇಸಿನ ಮೇಲೆ ಟಬ್ಬಿನ ನೀರಲ್ಲಿ ತೇಲುವ ಮೇವು, ಅಜೋಲಾ. ದನಕ್ಕೆ ಬಹಳ ಒಳ್ಳೆಯದಂತೆ, ಆದರೆ ಮನೆಯಲ್ಲಿ ದನ ಇರಲಿಲ್ಲ, ಸೊಳ್ಳೆ ಇದ್ದವು. ಪಾಲಿಕೆಯಿಂದ ಹೊಗೆ ಹೊಡೆಯುವವರು ಬಂದು ಟಬ್ ಬೋರಲು ಹಾಕಿ ಹೋದರು.

ಅದೇ ಟೆರೇಸಿನ ಮೇಲೆ ಬಸವರಾಜೇಶ್ವರಿಗೂ ಕಣ್ಣಿತ್ತು. ಅವಳ ಸ್ವಸಹಾಯ ಸಂಘದ ಹನ್ನೆರಡು ಹೆಂಗಸರು ಹಪ್ಪಳ ಸಂಡಿಗೆ ಮಾಡುತ್ತಿದ್ದರು. ಕೂತು ಲಟ್ಟಿಸಲು ಅರ್ಧ ಟೆರೇಸಿಗೆ ಶೀಟಿನ ಸೂರು, ಒಣಗಿಸಲು ಉಳಿದರ್ಧ ಬಿಸಿಲು ಸಿಕ್ಕರೆ ಸಾಕಿತ್ತು. ಒಂದು ದಿನ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ರೀ, ಇದೇ ಕೊನೆ. ಇನ್ನೊಂದು ಏನ್ ಬೇಕಾದ್ರೂ ಮಾಡ್ಕೊಳ್ಳಿ. ಸಂಕ್ರಾಂತಿಯೊಳಗೆ ಮೇಲಿಂದ ತಿನ್ನೋವಂಥದ್ದು ಏನಾದ್ರೂ ಕೆಳಗೆ ಬಂದ್ರೆ ಟೆರೇಸು ನಿಮ್ದು. ಇಲ್ಲಾಂದ್ರೆ ಸಂಘದ್ದು."

"ತಿನ್ನೋವಂಥದ್ದು ಅಂದ್ರೆ ಏನು? ಅದಕ್ಕೊಂದು ಸ್ಪೆಸಿಫಿಕೇಷನ್ ಬೇಡ್ವಾ?" ಅಂದ ರೇಣುಕಾಪ್ರಸಾದ್. ಸುಮ್ಮನೆ ಹೂಂ ಅಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಸ್ಪೆಸಿಫಿಕೇಷನ್ ಅವನ ಜೇಬಿನಲ್ಲೇ ಇತ್ತು. ಆನ್‌ಲೈನಿನಲ್ಲಿ ತರಿಸಿದ್ದ ಒಂದು ಬೀಜದ ಪೊಟ್ಟಣ. ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್. ನಿಂಬೆಹಣ್ಣಿಗಿಂತ ಚಿಕ್ಕ ಎಲೆಕೋಸು, ನೆಲದ ಮೇಲೆ ಕೂರದೆ ಕಾಂಡದ ಸುತ್ತ ಎಲೆ ಎಲೆಯ ಕಂಕುಳಲ್ಲಿ ಒಂದೊಂದು ಕೂರುತ್ತದೆ. ಅದನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಒಂದು, ಬದನೆ ಬೆಳೆದರೆ ವಿದ್ಯಾನಗರದ ಪ್ರತಿಯೊಬ್ಬನೂ ಬಂದು ಹೆಸರಿಡುತ್ತಾನೆ. ಇದನ್ನು ಬೆಳೆದರೆ ಸರಿಯೋ ತಪ್ಪೋ ಹೇಳಲು ಜಿಲ್ಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಎರಡನೆಯದು ಪೊಟ್ಟಣದ ಹಿಂಬದಿ ಸಣ್ಣ ಅಕ್ಷರದಲ್ಲಿತ್ತು: ವ್ಯಾಸ ಇಪ್ಪತ್ತೈದರಿಂದ ಮೂವತ್ತು ಮಿಲಿಮೀಟರ್. ತರಕಾರಿಗೆ ಟಾಲರೆನ್ಸ್, ಇಷ್ಟರಿಂದ ಇಷ್ಟರೊಳಗೆ ಇರಬೇಕೆಂಬ ಮಿತಿ! ಅವನು ಅದನ್ನು ಮೂರು ಸಲ ಓದಿದ, ಪೊಟ್ಟಣವನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿಯಿತ್ತು.

"ಇಪ್ಪತ್ತೈದು ಮಿಲಿಮೀಟರ್ ಬರ್ಬೇಕು. ಒಂದೇ ಒಂದು ಬಂದ್ರೂ ನಾನು ಗೆದ್ದೆ. ಬರ್ಲಿಲ್ಲಾಂದ್ರೆ ಟೆರೇಸು ತಗೋ" ಅಂದ.

"ಅಳೆಯೋರು ಯಾರು?"

"ನಾನೇ."

ಬಸವರಾಜೇಶ್ವರಿ ಒಪ್ಪಿಕೊಂಡಳು. ಈ ಮನುಷ್ಯ ಏನು ಬೇಕಾದರೂ ಮಾಡಿಯಾನು, ಅಳತೆಯಲ್ಲಿ ಸುಳ್ಳು ಹೇಳಲಾರ ಎಂದು ಅವಳಿಗೆ ಗೊತ್ತಿತ್ತು. ಅದೊಂದು ಗುಣಕ್ಕಾಗಿಯೇ ಅವಳು ಉಳಿದದ್ದನ್ನೆಲ್ಲ ಸಹಿಸಿಕೊಂಡು ಬಂದಿದ್ದು.

ಜೂನ್ ತಿಂಗಳಲ್ಲಿ ಬೀಜ ಹಾಕಿ, ಮಳೆಗೆ ಮೇಲೊಂದು ಪ್ಲಾಸ್ಟಿಕ್ ಕಟ್ಟಿ, ಮೊಳೆತದ್ದರಲ್ಲಿ ಹದಿನಾಲ್ಕನ್ನು ಗ್ರೋ ಬ್ಯಾಗಿಗೆ ದಾಟಿಸಿದ. ಗಿಡಗಳು ಬಂದ ರಭಸ ನೋಡಬೇಕಿತ್ತು. ಆನೆಕಿವಿಯಂಥ ಎಲೆ, ಸೊಂಟದೆತ್ತರದ ಕಾಂಡ. ಬೆಳಿಗ್ಗೆ ಎದ್ದು ಹಸಿರು ಹುಳುಗಳನ್ನು ಒಂದೊಂದಾಗಿ ಹೆಕ್ಕಿ ಸೋಪಿನ ನೀರಿಗೆ ಹಾಕುತ್ತಿದ್ದ. ಹಾಕುವ ಮುಂಚೆ ಪ್ರತಿ ಹುಳಕ್ಕೂ "ರಿಜೆಕ್ಟ್" ಎಂದು ಹೇಳುತ್ತಿದ್ದ. ಸೆಪ್ಟೆಂಬರ್ ಹೊತ್ತಿಗೆ ಎಲೆಗಳ ಕಂಕುಳಲ್ಲಿ ಸಾಸಿವೆಯಷ್ಟು, ಆಮೇಲೆ ಬಟಾಣಿಯಷ್ಟು ಗಂಟುಗಳು ಮೂಡಿದವು. ಏಳು ಮಿಲಿಮೀಟರ್. ಮರುವಾರವೂ ಏಳು. ಅದರ ಮರುವಾರವೂ ಏಳು. ಗಿಡ ಮಾತ್ರ ತಲೆಯೆತ್ತಿ ಆಕಾಶದ ಕಡೆ ಹೊರಟಿತ್ತು.

ಆ ದಿನಗಳಲ್ಲೇ ಬಸವರಾಜೇಶ್ವರಿಯ ಅಣ್ಣ ಭೂತಪ್ಪ ಬಂದಿದ್ದ. ಭದ್ರಾವತಿಯವನು, ನಾಲೆಯ ಪಕ್ಕ ಮೂರು ಎಕರೆ ಗದ್ದೆ ಮಾಡುತ್ತಾನೆ. ಟೆರೇಸು ಹತ್ತಿ, ಗಿಡದ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿದ.

"ಇದೇನ್ ಭಾವ, ಕೋಸು ಬಿಡೋ ವಯಸ್ಸಲ್ಲಿ ನಿಮ್ ಗಿಡಕ್ಕೆ ಮೊಡವೆ ಎದ್ದಿದೆ?"

ರೇಣುಕಾಪ್ರಸಾದ್ ಆ ದಿನ ಭಾವನಿಗೆ ಎರಡನೇ ಕಪ್ ಚಹಾ ಕೊಡಿಸಲಿಲ್ಲ.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆ ಬಂತು. ತೆನೆ ಒಡೆಯುವ ಮುಂಚೆ ಹೊಡೆ ತುಂಬಿ ನಿಂತ ಗದ್ದೆ ಎಂದರೆ ಬಸುರಿ ಎಂದೇ ಈ ಕಡೆಯವರ ಲೆಕ್ಕ. ಬಸುರಿಯ ಬಯಕೆ ತೀರಿಸಲು ಕೈಗೆ ಸಿಕ್ಕಿದ ಸೊಪ್ಪು, ಕುಡಿ, ಕಾಯಿಯನ್ನೆಲ್ಲ ಕೂಡಿಸಿ ಬೇಯಿಸಿ ಹಚ್ಚಂಬಲಿ ಮಾಡಿ, ಬೆಳಿಗ್ಗೆ ಗದ್ದೆಯ ತುಂಬ ಬೀರಿ ಬರುತ್ತಾರೆ. ನೂರೊಂದು ಬಗೆ ಇರಬೇಕು ಎನ್ನುತ್ತಾರೆ. ಬಹಳ ಜನ ಮೂವತ್ತಕ್ಕೋ ನಲವತ್ತಕ್ಕೋ ನಿಲ್ಲಿಸಿ, ಉಳಿದದ್ದನ್ನು ಭೂಮಿತಾಯಿ ಕೇಳುವುದಿಲ್ಲ ಎಂಬ ಧೈರ್ಯದಲ್ಲಿರುತ್ತಾರೆ. ಭೂತಪ್ಪ ಹಾಗಲ್ಲ, ಬೆರಳು ಮಡಚಿ ನಿಜವಾಗಿ ಎಣಿಸುವವನು. ಆ ವರ್ಷ ನೂರಕ್ಕೆ ಬಂದು ನಿಂತಿತ್ತು. ಒಂದು ಬಗೆ ಬಾಕಿ.

ಹಬ್ಬದ ಹಿಂದಿನ ದಿನ ರೇಣುಕಾಪ್ರಸಾದ್ ತನ್ನ ಹಟಮಾರಿ ಗಿಡಗಳಿಗೆ ಬೇವಿನ ಹಿಂಡಿ ತರಲು ಭದ್ರಾವತಿಗೆ ಹೊರಟ. ಅದೇ ಹೊತ್ತಿಗೆ ಭೂತಪ್ಪ ನೂರೊಂದನೆಯದನ್ನು ಹುಡುಕಿಕೊಂಡು ಶಿವಮೊಗ್ಗಕ್ಕೆ ಹೊರಟ. ಮಾಚೇನಹಳ್ಳಿಯ ಹತ್ತಿರ ಎರಡು ಬಸ್ಸೂ ಎದುರುಬದುರಾಗಿ ನಿಧಾನವಾದಾಗ ಕಿಟಕಿಯಿಂದ ಭಾವ ಕಂಡ. ರೇಣುಕಾಪ್ರಸಾದ್ ಕೈಯನ್ನೂ ಬೀಸಿದ, ಪುಣ್ಯಾತ್ಮ.

ಸಂಜೆ ಹಿಂಡಿಯ ಚೀಲ ಹೊತ್ತು ಟೆರೇಸು ಹತ್ತಿದವನು ಅಲ್ಲೇ ಕುಕ್ಕರಿಸಿದ. ಹದಿನಾಲ್ಕು ಗಿಡಗಳಿಗೂ ತಲೆ ಇರಲಿಲ್ಲ. ತುದಿಯ ಎಳೆಕುಡಿಯನ್ನೆಲ್ಲ ಕುಡುಗೋಲಿನಿಂದ ಯಾರೋ ನೀಟಾಗಿ ಕತ್ತರಿಸಿ ಒಯ್ದಿದ್ದರು.

"ಅಣ್ಣ ಕೇಳ್ದ, ನಾನೇ ತಗೋ ಅಂದೆ" ಎಂದಳು ಬಸವರಾಜೇಶ್ವರಿ, ಅವನ ಮುಖ ನೋಡಿ ಸ್ವಲ್ಪ ಹೆದರಿ. "ಚಿಗುರಲ್ವಾ, ಮತ್ತೆ ಬರುತ್ತೆ."

"ಹದಿನಾಲ್ಕೂ ಯಾಕೆ? ಒಂದು ಸಾಕಾಗಿರ್ಲಿಲ್ವಾ?"

"ಒಂದು ತುದಿ ಹಂಡೆಯಲ್ಲಿ ಎಲ್ಲಿ ಕಾಣ್ಬೇಕು ಅಂದ."

ರೇಣುಕಾಪ್ರಸಾದ್ ಹಿಂಡಿಯ ಚೀಲವನ್ನು ಮೂಲೆಗೆ ದೂಡಿದ. ಟೆರೇಸಿಗೋಸ್ಕರ ಬೇಕೆಂದೇ ಮಾಡಿಸಿದಳೇ ಎಂಬ ಅನುಮಾನ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಅನುಮಾನ ಹೋಗಲಿಲ್ಲ.

ಮರುದಿನ ಅವನು ಭದ್ರಾವತಿಯ ಗದ್ದೆಗೆ ಹೋದದ್ದು ಪೂಜೆಗಲ್ಲ, ಜಗಳಕ್ಕೆ. ನೆಂಟರೆಲ್ಲ ಬದುವಿನ ಮೇಲೆ ಬಾಳೆಲೆ ಹಾಸಿ ಕೂತಿದ್ದರು. ಭೂತಪ್ಪ ಅಂಬಲಿ ಬೀರಿ ಮುಗಿಸಿ, ಪಂಚೆ ಎತ್ತಿ ಕಟ್ಟಿಕೊಂಡು ಜಗದ್ವಿಜೇತನ ಹಾಗೆ ಬರುತ್ತಿದ್ದ.

"ನೂರೊಂದು ಆಯ್ತು ಭಾವ! ಈ ತಾಲ್ಲೂಕಲ್ಲಿ ಯಾರೂ ಹಾಕಿರದ ಸೊಪ್ಪು."

"ನಿಮ್ಮ ಗದ್ದೆ ಅನ್ನೋ ಒಬ್ಬಳು ಬಸುರಿಗೆ ಬಯಕೆ ಊಟ ಹಾಕೋಕೆ ನನ್ನ ಮನೇಲಿ ಹದಿನಾಲ್ಕು ಬಸುರಿಯರ ತಲೆ ತೆಗೆದ್ರಲ್ಲ ಭಾವ, ನ್ಯಾಯನಾ ಇದು?"

ಬದುವಿನ ಮೇಲಿದ್ದವರು ನಕ್ಕುಬಿಟ್ಟರು. ಅವನು ನಗಿಸಲು ಹೇಳಿದ್ದಲ್ಲ. ಅದನ್ನು ಗಮನಿಸಿದವಳು ಬಸವರಾಜೇಶ್ವರಿ ಒಬ್ಬಳೇ. ಭೂತಪ್ಪ ತಬ್ಬಿಬ್ಬಾಗಿ, "ಸೊಪ್ಪಿಗೆ ಇಷ್ಟು ಸಂಕಟ ಪಡ್ತಾರಾ ಮಾರಾಯ್ರೇ, ಊಟ ಮಾಡಿ" ಎಂದು ಎಲೆಗೆ ಕಡುಬು, ಅದರ ಪಕ್ಕ ಅಂಬಲಿ ಬಡಿಸಿದ. ರೇಣುಕಾಪ್ರಸಾದ್ ಅಂಬಲಿಯಲ್ಲಿ ಬೆರಳಾಡಿಸಿ ತನ್ನ ಗಿಡದ ಕುಡಿಯನ್ನು ಹುಡುಕಿದ. ನೂರೊಂದರಲ್ಲಿ ಯಾವುದೆಂದು ಗೊತ್ತಾಗಲಿಲ್ಲ. ಎಲ್ಲವನ್ನೂ ತಿಂದ.

ಮನೆಗೆ ಬಂದವನು ವರ್ನಿಯರನ್ನು ಮಖಮಲ್ಲಿನ ಪೆಟ್ಟಿಗೆಗೆ ಹಾಕಿ ಬೀರುವಿನ ಮೇಲಿಟ್ಟ. "ಟೆರೇಸು ತಗೋ" ಅಂದ. ಆಮೇಲೆ ಮೆಟ್ಟಿಲು ಹತ್ತಲೇ ಇಲ್ಲ. ದಿನವಿಡೀ ಟೀವಿ ಮುಂದೆ ಕೂತು ಸುದ್ದಿ ಓದುವವರ ಕನ್ನಡವನ್ನು ರಿಜೆಕ್ಟ್ ಮಾಡುತ್ತ ಕಾಲ ಕಳೆದ. ದೀಪಾವಳಿ ಹೋಯಿತು, ಚಳಿ ಬಂತು.

ಡಿಸೆಂಬರಿನ ಮೊದಲ ವಾರ ಬಸವರಾಜೇಶ್ವರಿ ಶೀಟಿನ ಫ್ರೇಮಿಗೆ ಅಳತೆ ತೆಗೆಯಲು ಜಾಕಿರನನ್ನು ಕರೆಸಿದಳು. ಅವನು ಟೇಪು ಹಿಡಿದು ಮೇಲೆ ಹೋದ ಎರಡೇ ನಿಮಿಷಕ್ಕೆ ಅಲ್ಲಿಂದ ಕೂಗು ಬಂತು.

"ಸಾರ್! ಬೇಗ ಬನ್ನಿ ಸಾರ್! ವರ್ನಿಯರ್ ತಗೊಂಡ್ ಬನ್ನಿ!"

ರೇಣುಕಾಪ್ರಸಾದ್ ಹೋಗಿ ನೋಡಿದರೆ ತಲೆಯಿಲ್ಲದ ಹದಿನಾಲ್ಕು ಗಿಡಗಳು ಮೈತುಂಬ ಕೋಸು ಕಟ್ಟಿಕೊಂಡು ನಿಂತಿದ್ದವು. ಬುಡದಿಂದ ಮೇಲಿನವರೆಗೆ ಸಾಲುಸಾಲಾಗಿ, ನೆಲ್ಲಿಕಾಯಿಯಂತೆ. ಪೆಟ್ಟಿಗೆಯಿಂದ ವರ್ನಿಯರ್ ತೆಗೆದು ಒಂದನ್ನು ಅಳೆದ. ಹದಿನೆಂಟು.

ಅಂದೇ ಮೊಬೈಲಿನಲ್ಲಿ ಹುಡುಕಿದಾಗ ಗುಟ್ಟು ತಿಳಿಯಿತು. ಈ ಬೆಳೆ ಬೆಳೆಯುವ ದೇಶಗಳಲ್ಲಿ ರೈತರು ಗಿಡದ ತುದಿಯನ್ನು ಬೇಕೆಂದೇ ಕತ್ತರಿಸುತ್ತಾರಂತೆ. ಮೇಲೇರುವ ಹುಚ್ಚು ಬಿಟ್ಟು ಗಿಡ ತನ್ನ ಸತ್ವವನ್ನೆಲ್ಲ ಕೋಸಿಗೆ ಹಾಕುತ್ತದಂತೆ. ಇಷ್ಟು ಸಾಮಾನ್ಯ ವಿಷಯವನ್ನು ಓದದೆ, ಮಿಲಿಮೀಟರನ್ನು ಮಾತ್ರ ಮೂರು ಸಲ ಓದಿಕೊಂಡವನು ತಾನು. ಅದು ಸಾಲದೆಂಬಂತೆ ಇನ್ನೊಂದು ಪ್ರಶ್ನೆ ಎದ್ದಿತು. ಏಳು ವಾರ ಅವನು ಮೇಲೆ ಹತ್ತಿಲ್ಲ, ಮಳೆಯೂ ಬಿದ್ದಿಲ್ಲ. ಮಣ್ಣು ಮುಟ್ಟಿದರೆ ತಂಪಾಗಿತ್ತು.

"ನೀರು ಹಾಕಿದ್ದು ಯಾರು?" ಎಂದು ಅಡುಗೆಮನೆಗೆ ಬಂದು ಕೇಳಿದ.

"ಇನ್ಯಾರು ಹಾಕ್ತಾರೆ?" ಎಂದಳು ಬಸವರಾಜೇಶ್ವರಿ ಕೊತ್ತಂಬರಿ ಹೆಚ್ಚುತ್ತ. "ನಿಮ್ ಬೇವಿನ ಹಿಂಡಿನೂ ಹಾಕ್ದೆ. ವಾಸನೆ ಥೂ."

"ಒಣಗಿ ಹೋಗಿದ್ರೆ ಟೆರೇಸು ನಿಂದಾಗ್ತಿತ್ತಲ್ಲ."

"ಬಾಯಿಲ್ಲದ ಗಿಡ. ನಿಮ್ಮ ಪಂದ್ಯ ಅದಕ್ಕೇನ್ ಗೊತ್ತು?"

ಅವನಿಗೆ ಅಕ್ಟೋಬರಿನಲ್ಲಿ ಬಂದ ಅನುಮಾನ ನೆನಪಾಯಿತು. ಕ್ಷಮಿಸು ಅನ್ನಬೇಕೆನಿಸಿತು. ಅಭ್ಯಾಸ ಇರಲಿಲ್ಲ.

ಸಂಕ್ರಾಂತಿಯ ದಿನ ಮಧ್ಯಾಹ್ನಕ್ಕೆ ಪರೀಕ್ಷೆ ಗೊತ್ತಾಯಿತು. ಭೂತಪ್ಪ ಭದ್ರಾವತಿಯಿಂದ ಹೊಸ ಅಕ್ಕಿ ತಂದಿದ್ದ, ಜೊತೆಗೆ ಸ್ವಲ್ಪ ಅಳುಕನ್ನೂ ತಂದಿದ್ದ. ಜಾಕಿರ್ ಶೀಟಿನ ಫ್ರೇಮು ಸಿದ್ಧ ಮಾಡಿಟ್ಟು, ಹಾಕುವುದೋ ಬೇಡವೋ ತಿಳಿಯಲು ಬಂದಿದ್ದ. ಒಂದು ಬುಟ್ಟಿ ತುಂಬ ಕೋಸು ಬಿಡಿಸಿ ಊಟದ ಮೇಜಿನ ಮೇಲಿಟ್ಟರು. ರೇಣುಕಾಪ್ರಸಾದ್ ಕನ್ನಡಕ ಹಣೆಗೇರಿಸಿ ಒಂದೊಂದೇ ಅಳೆಯುತ್ತ ಹೋದ. ಇಪ್ಪತ್ತೊಂದು. ಇಪ್ಪತ್ತು. ಇಪ್ಪತ್ತಮೂರು. ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದಪ್ಪನೆಯದು, ಏಳನೇ ಗಿಡದ ಬುಡದ್ದು.

ಅದನ್ನು ದವಡೆಗಳ ನಡುವೆ ಇಟ್ಟ. ಗೆರೆ ಇಪ್ಪತ್ತೈದು ದಾಟಿ ನಿಂತಿತ್ತು.

"ಬಂತು!" ಎಂದು ಭೂತಪ್ಪ ಮೇಜು ಕುಟ್ಟಿದ. ತನ್ನ ಪಾಪ ಕಳೆಯಿತೆಂಬ ಸಂತೋಷ ಅವನಿಗೆ. ಬಸವರಾಜೇಶ್ವರಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಕಬ್ಬಿಣದ ಪಿನ್ನು ಮೋಸ ಮಾಡುವುದಿಲ್ಲ, ದವಡೆ ತಾಗಿದ ಕಡೆ ನಿಲ್ಲುತ್ತದೆ. ಕೋಸು ಹಾಗಲ್ಲ. ಈ ಊರಿನ ಚಳಿ ಅದಕ್ಕೆ ಸಾಲದೆ ಎಲೆಗಳು ಸಡಿಲವಾಗಿದ್ದವು. ಹಗುರವಾಗಿ ಹಿಡಿದರೆ ಇಪ್ಪತ್ತೈದು, ಸರಿಯಾಗಿ ಮುಚ್ಚಿದರೆ ಎಷ್ಟೆಂದು ಅವನ ಹೆಬ್ಬೆರಳಿಗೆ ಆಗಲೇ ಗೊತ್ತಾಗಿತ್ತು. ಈ ಕೋಣೆಯಲ್ಲಿ ವರ್ನಿಯರ್ ಓದಬಲ್ಲವನು ಇನ್ನೊಬ್ಬನೇ, ಜಾಕಿರ್. ಅವನು ಈಗ ಬೇಕೆಂದೇ ಕಿಟಕಿಯ ಕಡೆ ತಿರುಗಿಕೊಂಡಿದ್ದ. ನಲವತ್ತು ಪಿನ್ನುಗಳ ಜಾಕಿರ್, ನೋಡಲಿಲ್ಲ ಎಂದು ತೋರಿಸುವುದಕ್ಕೆ ಕತ್ತು ನೋಯುವಷ್ಟು ತಿರುಗಿದ್ದ.

ರೇಣುಕಾಪ್ರಸಾದ್ ಹೆಬ್ಬೆರಳು ಒತ್ತಿದ. ಗೆರೆ ಹಿಂದೆ ಸರಿಯಿತು.

"ಇಪ್ಪತ್ನಾಲ್ಕು ಪಾಯಿಂಟ್ ಆರು" ಅಂದ. ಕೋಸನ್ನು ಬುಟ್ಟಿಗೆ ವಾಪಸ್ ಹಾಕಿ ಹೇಳಿದ, "ರಿಜೆಕ್ಟ್."

"ಸಾರ್, ಬಿಡಿ ಸಾರ್, ಹಬ್ಬದ ದಿನ" ಅಂದ ಜಾಕಿರ್.

"ನಿಂದೂ ಹಬ್ಬದ ಹಿಂದಿನ ದಿನವೇ ಇತ್ತಲ್ಲೋ." ಅವನು ವರ್ನಿಯರನ್ನು ಮೇಜಿನ ಮೇಲಿಟ್ಟ. "ಮತ್ತೆ ಇದು ನನ್ನ ಮಾಲೂ ಅಲ್ಲ. ತುದಿ ಕತ್ತರಿಸಿ ಕಾಯಿ ಕಟ್ಸಿದ್ದು ಭೂತಪ್ಪ ಭಾವ, ಗೊತ್ತಿಲ್ದೆ ಆದ್ರೂ. ನೀರು ಹಾಕಿದ್ದು ಇವಳು. ನಾನು ಇದರಲ್ಲೂ ಅಳೆದಿದ್ದು ಅಷ್ಟೇ."

ಆ ಮಾತು ಹೇಳುವಾಗ ಬಸ್ಸಿನಲ್ಲಿ ಹೊಳೆದ ಲೆಕ್ಕವೇ ಮತ್ತೆ ಎದುರಿಗೆ ಬಂತು. ಆದರೆ ಹೇಳಿ ಮುಗಿಸಿದ ಮೇಲೆ ಅಷ್ಟೇನೂ ನೋಯಲಿಲ್ಲ.

"ಅಯ್ಯೋ, ಹಾಗಲ್ಲ ಭಾವ" ಅಂದ ಭೂತಪ್ಪ. "ಜೂನಿಂದ ಹುಳ ಹೆಕ್ಕಿದ್ದು ನಾನಾ?"

ಬಸವರಾಜೇಶ್ವರಿ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ಸದ್ದು ಬಂತು, ಕಾಯಿತುರಿಯ ಪರಿಮಳ ಬಂತು. ಪೊಂಗಲಿನ ಜೊತೆ ಅಕ್ಕಿರೊಟ್ಟಿ, ರೊಟ್ಟಿಯ ಮೇಲೆ ರಿಜೆಕ್ಟ್ ಮಾಲಿನ ಪಲ್ಯ. ನಾಲ್ವರೂ ಕೂತರು. ಅವಳು ಒಂದು ಪುಟ್ಟ ಕೋಸನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ರೇಣುಕಾಪ್ರಸಾದ್ ತುತ್ತು ಕೈಯಲ್ಲೇ ಹಿಡಿದು ಕಾದ. ಲೇತ್ ಪಕ್ಕ ನಿಂತು ಜಾಕಿರ್ ಅಷ್ಟು ವರ್ಷ ಹೇಗೆ ಕಾಯುತ್ತಿದ್ದ ಎಂಬುದು ಅವನಿಗೆ ಆಗ ಗೊತ್ತಾಯಿತು.

"ಸ್ವಲ್ಪ ಕಹಿ" ಎಂದಳು. ಇನ್ನೊಂದನ್ನು ಹಾಕಿಕೊಂಡಳು. "ಆದ್ರೆ ಚೆನ್ನಾಗಿದೆ ರೀ."

ಅಷ್ಟೇ. ಹುಡುಕಿದರೂ ಅದರಲ್ಲಿ ಕೊಂಕು ಸಿಗಲಿಲ್ಲ. ಇಷ್ಟು ಸುಲಭವಾಗಿ ಹೇಳಿಬಿಡಬಹುದಾದ ಮಾತು, ಹೇಳಿಸಿಕೊಂಡವನಿಗೆ ಇಷ್ಟು ಸುಖ ಕೊಡುವ ಮಾತು. ಅವನು ತನ್ನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ನೋಡಿದ. ಅಂಚು ಈಗಲೂ ಮಧ್ಯಕ್ಕಿಂತ ದಪ್ಪವೇ ಇತ್ತು.

"ರೊಟ್ಟಿ ಚೆನ್ನಾಗಿದೆ ಕಣೇ" ಅಂದ.

ಜಾಕಿರ್ ನೀರು ಕುಡಿಯುತ್ತಿದ್ದವನು ಕೆಮ್ಮಿದ. ಭೂತಪ್ಪ ತಲೆಯೆತ್ತಲಿಲ್ಲ. ಬಸವರಾಜೇಶ್ವರಿ ಮಾತ್ರ ಗಂಡನನ್ನು ನೇರವಾಗಿ ನೋಡಿದಳು.

"ಯಾವುದು? ಇವತ್ತಿನದ್ದಾ, ಇಷ್ಟು ವರ್ಷ ಮಾಡಿದ್ದೂ ಸೇರಿನಾ?"

"ಎಲ್ಲಾನೂ ಸೇರಿ."

ಅವಳು ಒಳಗೆ ಹೋಗಿ, ಬರುವುದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡು, ಇನ್ನೊಂದು ಬಿಸಿ ರೊಟ್ಟಿ ತಂದು ಅವನ ತಟ್ಟೆಗೆ ಹಾಕಿದಳು.

"ತಿನ್ನಿ. ನಾಳೆ ಶೀಟು ಹಾಕ್ತಾರೆ, ಗಿಡ ಇಳಿಸೋಕೆ ಶಕ್ತಿ ಬೇಡ್ವಾ?"